ಬೆಳ್ಳಿಯ ಸರದಿ

ಕೊಟ್ಟೂರಿನ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಮುಂದಿನ ಅಂಕಣದಲ್ಲಿ ಅಪ್ಪನ ಹೊಲಿಗೆ ಯಂತ್ರ, ನಡುವಿನದರಲ್ಲಿ ನಮ್ಮ ವಾಸ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು, ಹಿತ್ತಲಿನ ಬೇವಿನ ಮರದ ಕೆಳಗೆ ನಾಲ್ಕು ಆಡುಗಳು. ಮಾಳಿಗೆಯ ಬೆಳಕಿಂಡಿಯಿಂದ ನಡುಮನೆಯ ನೆಲಕ್ಕೆ ಬಿಸಿಲಿನ ಒಂದು ಬಿಲ್ಲೆ ಬೀಳುತ್ತಿತ್ತು. ಅದು ಒರಳಿನ ಬುಡಕ್ಕೆ ಬಂದರೆ ಮಧ್ಯಾಹ್ನದ ಊಟ. ಕಂಬವನ್ನು ದಾಟಿದರೆ ಶಾಲೆ ಬಿಟ್ಟು ಬಂದ ಮಕ್ಕಳಿಗೆ ಒಗ್ಗರಣೆ ಮಂಡಕ್ಕಿ. ಗೋಡೆ ಹತ್ತಿದರೆ ಆಡುಗಳಿಗೆ ನೀರು. ಆ ಬಿಲ್ಲೆ ಅಜ್ಜಿಯನ್ನು ಕೇಳಿಯೇ ಸರಿಯುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಅಜ್ಜಿ ಅಪ್ಪನ ತಾಯಿ. ತೆಲಿಗಿಯಲ್ಲಿ ಹುಟ್ಟಿ, ಹನ್ನೆರಡರ ವಯಸ್ಸಿಗೆ ಕೊಟ್ಟೂರಿಗೆ ಸೊಸೆಯಾಗಿ ಬಂದವಳು. ಎತ್ತರವಿರಲಿಲ್ಲ, ದನಿಯೂ ದೊಡ್ಡದಲ್ಲ. ಆದರೆ ಅವಳು ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಹೇಳಿದ್ದು ನನಗೆ ನೆನಪಿಲ್ಲ.

ಮನೆಯಲ್ಲಿ ಪ್ರತಿಯೊಂದಕ್ಕೂ ಸರದಿಯಿತ್ತು. ಸರದಿ ವಯಸ್ಸಿನದು. ಹೆಂಚಿನಿಂದ ಇಳಿದ ಮೊದಲ ಜೋಳದ ರೊಟ್ಟಿ ಅಜ್ಜಿಗೆ, ಎರಡನೆಯದು ಅಪ್ಪನಿಗೆ, ಮೂರನೆಯದು ಅವ್ವನಿಗೆ, ನಾಲ್ಕನೆಯದು ಅಣ್ಣ ಬಸಣ್ಣನಿಗೆ, ಐದನೆಯದು ನನಗೆ. ರೊಟ್ಟಿ ಬಡಿಯುವವಳು ಅವ್ವನೇ ಆದರೂ ತನ್ನ ಪಾಲನ್ನು ಮೂರನೆಯದಾಗಿ ಎತ್ತಿ ಪಕ್ಕಕ್ಕಿಡಲೇಬೇಕಿತ್ತು. ಓಣಿಯ ಬೇರೆ ಮನೆಗಳಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು ಉಣ್ಣುತ್ತಿದ್ದರು. ಅಜ್ಜಿ ಅದನ್ನು ಒಪ್ಪುತ್ತಿರಲಿಲ್ಲ. ಮೊದಲು ಹುಟ್ಟಿದವರು ಮೊದಲು, ಅಷ್ಟೇ. ಒಮ್ಮೆ ಅವಳ ತಮ್ಮ ಹೊಸಹಳ್ಳಿಯಿಂದ ಬಂದವನು, ಗಂಡಸೆಂಬ ಧೈರ್ಯದಲ್ಲಿ ಅವಳಿಗಿಂತ ಮೊದಲು ತಟ್ಟೆಗೆ ಕೈ ಹಾಕಿದ. ಅಜ್ಜಿ ಬೆರಳು ಮಡಿಸಿ ಅವನ ವಯಸ್ಸು ಎಣಿಸಿದಳು, ತನ್ನದನ್ನು ಎಣಿಸಿದಳು, ಎರಡು ವರ್ಷದ ಅಂತರ ತೋರಿಸಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವನೂ ನಕ್ಕ, ನಾವೂ ನಕ್ಕೆವು, ಅಜ್ಜಿ ಮಾತ್ರ ರೊಟ್ಟಿ ಮುರಿದಳು. ಕೊನೆಯವಳಾಗಿ ನನಗೇನೂ ನಷ್ಟವಿರಲಿಲ್ಲ. ಉಳಿದ ಹಿಟ್ಟನ್ನೆಲ್ಲ ಒಟ್ಟು ಮಾಡಿ ಬಡಿದ ಆ ಐದನೆಯ ರೊಟ್ಟಿ ದಪ್ಪಗಿರುತ್ತಿತ್ತು, ಅದರ ಮೇಲೆ ಅವ್ವ ಕದ್ದು ಬೆಣ್ಣೆ ಸವರುತ್ತಿದ್ದಳು. ನನ್ನನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನು ಸಣ್ಣಾಕಿ.

ಆಡುಗಳಿಗೂ ಇದೇ ಕಟ್ಟಳೆ. ಎಲ್ಲಕ್ಕಿಂತ ಹಿರಿಯದರ ಹೆಸರು ದೊಡ್ಡಾಕಿ. ಅದರ ಮಗಳು ಕೆಂಚಿ, ಕೆಂಚಿಯ ಮಗಳು ಚುಕ್ಕಿ, ಚುಕ್ಕಿಯ ತಂಗಿ ಬೆಳ್ಳಿ. ಬೆಳಗಿನ ಜಾವ ಅಜ್ಜಿ ಹಿತ್ತಾಳೆಯ ಬೋಗುಣಿಯಲ್ಲಿ ಉಗುರುಬೆಚ್ಚನೆಯ ನೀರು ತೆಗೆದುಕೊಂಡು, ಚಿಟಿಕೆ ಅರಿಶಿನ ಹಾಕಿ, ಅಪ್ಪನ ಹಳೆಯ ಪಂಚೆಯಿಂದ ಹರಿದ ಬಿಳಿಯ ಅರಿವೆಯೊಂದನ್ನು ಅದ್ದುವಳು. ಮೊದಲು ದೊಡ್ಡಾಕಿಯ ಕೆಚ್ಚಲು ಒರೆಸಿ ಹಾಲು ಹಿಂಡುವಳು. ಅರಿವೆಯನ್ನು ಅದೇ ನೀರಿನಲ್ಲಿ ಜಾಲಿಸಿ, ಹಿಂಡಿ, ಕೆಂಚಿಯ ಕೆಚ್ಚಲು ಒರೆಸುವಳು. ಆಮೇಲೆ ಚುಕ್ಕಿ. ಮುಗಿದ ಮೇಲೆ ಅರಿವೆಗೆ ಸಾಬೂನು ಹಾಕಿ ಒಗೆದು ಬೇಲಿಯ ಮೇಲೆ ಒಣಹಾಕುವಳು. ಒರೆಸದೆ ಹಿಂಡಿದ ಹಾಲನ್ನು ನಮ್ಮ ಮನೆಯಲ್ಲಿ ಬೆಕ್ಕಿಗೂ ಹಾಕುತ್ತಿರಲಿಲ್ಲ. ಬೆಳ್ಳಿಯದು ಆಗ ಚೊಚ್ಚಲ ಗಬ್ಬ, ತಿಂಗಳು ತುಂಬುತ್ತಿತ್ತು. ಅದನ್ನು ಮರಿಯಿದ್ದಾಗಲೇ ಅಜ್ಜಿ ನನಗೆ ಒಪ್ಪಿಸಿದ್ದಳು: ಸೊಪ್ಪು ತರುವುದು, ಹಿಕ್ಕೆ ಗುಡಿಸುವುದು, ಹಗ್ಗ ಬಿಚ್ಚಿ ಕಟ್ಟುವುದು ಎಲ್ಲ ನನ್ನ ಪಾಲು. ಅದು ಈದ ಮೇಲೆ ಹಿಂಡಲು ಕಲಿಯುವವಳೂ ನಾನೇ. ನಾನು ಅಣ್ಣನ ಹೆಬ್ಬೆರಳನ್ನು ಹಿಡಿದು ಹಿಂಡುವ ಅಭ್ಯಾಸ ಮಾಡುತ್ತಿದ್ದೆ. ಅವನು ಆಡಿನಂತೆ ಕೂಗಿ ಒದೆಯುತ್ತಿದ್ದ.

ಎದುರು ಮನೆಯ ಮಾಬವ್ವನದು ಒಂದೇ ಆಡು. ಅವಳ ಗಂಡ ಓಣಿ ಓಣಿ ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮಾಬವ್ವ ಕಟ್ಟೆಯ ಮೇಲೆ ಕುಳಿತು, ಹಾದು ಹೋಗುವವರನ್ನೆಲ್ಲ ಮಾತಾಡಿಸುತ್ತ, ಮರಿಗಳು ಕುಡಿದು ಬಿಟ್ಟ ಹಾಲನ್ನು ಒಂದೇ ಕೈಯಿಂದ ಹಿಂಡಿಕೊಳ್ಳುತ್ತಿದ್ದಳು. ಕೈಯನ್ನು ಸೆರಗಿಗೆ ಒರೆಸಿದರೆ ಅದೇ ತೊಳೆದ ಹಾಗೆ. ಅಜ್ಜಿ ಅದನ್ನು ನೋಡಲಾರದೆ ಮುಖ ತಿರುಗಿಸುತ್ತಿದ್ದಳು. ಆದರೂ ಇಬ್ಬರೂ ಸ್ನೇಹಿತೆಯರು. ದಿನಕ್ಕೆ ಒಂದು ಸಲವಾದರೂ ಮಾತಾಡದಿದ್ದರೆ ಇಬ್ಬರಿಗೂ ಅನ್ನ ಇಳಿಯುತ್ತಿರಲಿಲ್ಲ.

ಒಂದು ದಿನ ಮಾಬವ್ವ ಹಿತ್ತಲಿಗೆ ಬಂದವಳು ಕೆಂಚಿಯನ್ನು ನೋಡಿ, ಕೆಚ್ಚಲು ತುಂಬಿದ ಕೊಡದಂತಿದೆಯೆಂದು ಬಾಯ್ತುಂಬ ಹೊಗಳಿದಳು. ಮೂರನೆಯ ದಿನಕ್ಕೆ ಕೆಂಚಿಯ ಕೆಚ್ಚಲು ಬಲಗಡೆ ಬಾತುಕೊಂಡಿತು. ಮುಟ್ಟಿದರೆ ಬೆಚ್ಚಗೆ, ಕಲ್ಲಿನಂತೆ ಗಟ್ಟಿ. ಹಾಲು ನೀರಾಗಿ, ಅದರಲ್ಲಿ ಮೊಸರಿನ ಚೂರುಗಳಂಥ ಗಂಟುಗಳು ಬಂದವು. ಕೆಂಚಿ ಹಿಂಗಾಲು ಅಗಲಿಸಿ ನಿಂತು, ಮರಿಯನ್ನು ಹತ್ತಿರ ಸೇರಿಸಲಿಲ್ಲ. ಕೆಚ್ಚಲು ಬಾವು ಹಳ್ಳಿಯವರಿಗೆ ಹೊಸದೇನಲ್ಲ. ಅಜ್ಜಿ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚಿದಳು. ಆದರೆ ಇಷ್ಟು ಮಡಿಯಿಂದ ಸಾಕಿದ ಆಡಿಗೆ ಅದು ಬಂದದ್ದೇಕೆ ಎಂಬುದಕ್ಕೆ ಅವಳಿಗೆ ಒಂದೇ ಉತ್ತರ ಹೊಳೆದದ್ದು: ಮಾಬವ್ವನ ಕಣ್ಣು. ಅವಳ ಮುಖಕ್ಕೆ ಹೇಳಲಿಲ್ಲ. ಬೀದಿಯ ಕಡೆಯ ಕಿರುಬಾಗಿಲು ಮುಚ್ಚಿದಳು, ಮಾತು ನಿಲ್ಲಿಸಿದಳು, ಅಪ್ಪನನ್ನು ಕರೆದು ಎಲ್ಲ ಆಡುಗಳ ಕೆಚ್ಚಲಿಗೂ ಚೀಲ ಹೊಲಿಯಲು ಹೇಳಿದಳು.

ಅಪ್ಪ ಅಂಗಡಿಯಲ್ಲಿ ಉಳಿದ ಚೂರು ಬಟ್ಟೆಗಳಲ್ಲೇ ಹೊಲಿದ. ದೊಡ್ಡಾಕಿಗೆ ಬಿಳಿಯ ಮಲ್ಲು, ಕೆಂಚಿಗೆ ಹೂವಿನ ರವಿಕೆ ಬಟ್ಟೆ, ಚುಕ್ಕಿಗೆ ಖಾಕಿ, ಬೆಳ್ಳಿಗೆ ನಮ್ಮ ಶಾಲೆಯ ನೀಲಿ. ಸೊಂಟದ ಮೇಲೆ ಗಂಟು ಹಾಕಿದ ಆ ಚೀಲಗಳೊಂದಿಗೆ ಆಡುಗಳು ಮೇಯಲು ಹೊರಟರೆ, ಟೇಲರ್ ಮನೆಯ ಆಡುಗಳು ಚಡ್ಡಿ ಹಾಕಿಕೊಂಡು ಹೊರಟವೆಂದು ಚಹಾ ಅಂಗಡಿಯ ಮುಂದಿನವರು ಎದ್ದು ನಿಂತು ನೋಡುತ್ತಿದ್ದರು. ಒಬ್ಬರು ಚುಕ್ಕಿಗೆ ಸಲಾಮು ಹೊಡೆದರು. ಅಪ್ಪನಿಗೆ ನಾಚಿಕೆ, ನನಗೂ ಅಣ್ಣನಿಗೂ ಹಬ್ಬ. ಚೀಲ ಯಾಕೆಂದು ಮಾಬವ್ವನಿಗೆ ಯಾರೂ ಹೇಳಬೇಕಾಗಲಿಲ್ಲ. ಅಂದಿನಿಂದ ಅವಳು ನಮ್ಮ ಮನೆಯ ಮುಂದೆ ಹಾಯುವಾಗ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು, ಎದುರು ಗೋಡೆಯನ್ನು ಕೈಯಿಂದ ತಡವರಿಸುತ್ತ ಹೋಗತೊಡಗಿದಳು. ದಿನಕ್ಕೆ ನಾಲ್ಕು ಸಲ. ಒಮ್ಮೆ ಬೇಕೆಂದೇ ನಮ್ಮ ಕಟ್ಟೆಗೆ ಎಡವಿ, ಕಟ್ಟೆಯ ಕ್ಷಮೆ ಕೇಳಿ ಹೋದಳು. ಅವ್ವ ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

ಚೀಲಗಳಿಂದ ಏನೂ ಆಗಲಿಲ್ಲ. ಹತ್ತು ದಿನಕ್ಕೆ ಚುಕ್ಕಿಯ ಕೆಚ್ಚಲೂ ಬಾತಿತು. ನಾನು ಬೆರಳು ಮಡಿಸಿ ಎಣಿಸಿದೆ, ಅಜ್ಜಿಯೇ ಕಲಿಸಿದ ಎಣಿಕೆ. ಕೆಂಚಿ ಆಯಿತು, ಚುಕ್ಕಿ ಆಯಿತು, ಮುಂದಿನ ಬೆರಳು ಬೆಳ್ಳಿಯದು. ಅದಕ್ಕೆ ಇನ್ನೂ ಹಾಲೇ ಇಳಿದಿರಲಿಲ್ಲ. ಬಾವು ಬಲಿತರೆ ಕೆಚ್ಚಲು ಬತ್ತಿಹೋಗುತ್ತದೆಂದೂ, ಬತ್ತಿದ ಆಡನ್ನು ಕಸಾಯಿಗೆ ಕೊಡುವುದು ಬಿಟ್ಟು ದಾರಿಯಿಲ್ಲವೆಂದೂ ಅಪ್ಪ ಅವ್ವನ ಹತ್ತಿರ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಆ ವಾರವೆಲ್ಲ ನನ್ನ ಐದನೆಯ ರೊಟ್ಟಿ ಅರ್ಧ ಹಾಗೆಯೇ ಉಳಿಯುತ್ತಿತ್ತು.

ಅಪ್ಪ ಅಜ್ಜಿಗೆ ಎದುರಾಡಿದವನಲ್ಲ. ಅವನ ಉಪಾಯಗಳೆಲ್ಲ ಹೊಲಿಗೆಯ ಮೂಲಕವೇ ನಡೆಯುತ್ತಿದ್ದವು. ದನದ ದವಾಖಾನೆಗೆ ಹಡಗಲಿಯ ಕಡೆಯ ಒಬ್ಬ ಹರೆಯದ ಡಾಕ್ಟರು ಹೊಸದಾಗಿ ಬಂದಿದ್ದರು. ಪ್ಯಾಂಟು ಹೊಲಿಯಲು ಕೊಟ್ಟಿದ್ದರು. ಅಳತೆ ನೋಡಲು ಬಂದವರನ್ನು ಅಪ್ಪ, ಹಿತ್ತಲಿನಲ್ಲಿ ಬೆಳಕು ಚೆನ್ನಾಗಿದೆಯೆಂದು ನೇರ ಆಡುಗಳ ನಡುವೆ ಕರೆದೊಯ್ದ. ಗಿರಾಕಿಯಾಗಿ ಬಂದವರನ್ನು ಅಜ್ಜಿ ಬೇಡವೆನ್ನುವಂತಿರಲಿಲ್ಲ. ಡಾಕ್ಟರು ಹೊಸ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕುಳಿತರು. ಮೊದಲು ಚೀಲಗಳನ್ನು ಬಿಚ್ಚಿಸಿದರು. ಹಾಲು ಜಿನುಗಿ ಒದ್ದೆಯಾದ ಬಟ್ಟೆಯಲ್ಲಿ ಕಟ್ಟಿಟ್ಟರೆ ಬಾವು ಇನ್ನೂ ಹೆಚ್ಚುತ್ತದೆಂದರು. ಆಮೇಲೆ ಚುಕ್ಕಿಯ ಮೊದಲ ಧಾರೆಯನ್ನು ತಮ್ಮ ಕರಿಯ ಬೂಟಿನ ತುದಿಯ ಮೇಲೆ ಹಿಂಡಿ ಬಗ್ಗಿ ನೋಡಿದರು. ಕರಿ ತೊಗಲಿನ ಮೇಲೆ ಬಿಳಿಯ ಚೂರುಗಳು ಎದ್ದು ಕಂಡವು. ಕೆಂಚಿಯದೂ ಹಾಗೆಯೇ. ಅಷ್ಟಕ್ಕೆ ನಿಲ್ಲಿಸದೆ, ಯಾರೂ ಕೇಳದಿದ್ದರೂ, ಏನೂ ಆಗಿಲ್ಲದ ದೊಡ್ಡಾಕಿಯ ಧಾರೆಯನ್ನು ಇನ್ನೊಂದು ಬೂಟಿನ ಮೇಲೆ ಹಿಂಡಿದರು. ಅಲ್ಲಿಯೂ ಚೂರುಗಳಿದ್ದವು. ಸಣ್ಣವು, ಸಾಸಿವೆಯಷ್ಟು.

ಆಕೆಗೆ ವಯಸ್ಸಾಗಿದೆ, ಅದಕ್ಕೆ ಹಾಗೆ ಎಂದು ಅಜ್ಜಿ ಹೇಳಿದಳು. ಡಾಕ್ಟರು ಅಜ್ಜಿಯನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ದಿನಾ ಮೊದಲ ಯಾವದನ್ನ ಹಿಂಡ್ತಾರವ್ವ?"

"ದೊಡ್ಡಾಕೀನ. ಆಮ್ಯಾಲ ಕೆಂಚಿ, ಆಮ್ಯಾಲ ಚುಕ್ಕಿ."

"ಒರಸೋ ಅರಿವಿ?"

"ಒಂದ ಅರಿವಿ. ದಿನಾ ಒಗೀತಾಳ ಅಜ್ಜಿ."

ನಾನು ಅಭಿಮಾನದಿಂದಲೇ ಹೇಳಿದ್ದು. ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿಯ ಮುಖ ನೋಡಿ, ಏನೋ ಮುರಿದೆನೆಂದು ಗೊತ್ತಾಯಿತು. ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಈ ಬಾವು ಕಣ್ಣಿಗೆ ಕಾಣದ ಜೀವಿಗಳಿಂದ ಬರುವಂಥದು. ಅವು ದೊಡ್ಡಾಕಿಯ ಕೆಚ್ಚಲಿನಲ್ಲಿ ಬಹಳ ದಿನದಿಂದ ಸದ್ದಿಲ್ಲದೆ ಇವೆ. ಆಕೆ ತಾಳಿಕೊಂಡಿದ್ದಾಳೆ. ಆದರೆ ಬೆಳಗಿನ ಮೊದಲ ಒರೆಸಿಗೆ ಅವು ಅರಿವೆಗೂ ನೀರಿಗೂ ಬೆರಳಿಗೂ ಇಳಿದು, ಅಲ್ಲಿಂದ ಮುಂದಿನದಕ್ಕೆ, ಮುಂದಿನದರಿಂದ ಅದರ ಮುಂದಿನದಕ್ಕೆ ಹೋಗುತ್ತವೆ.

"ಅಮ್ಮಾರ, ನಿಮ್ಮ ಅರಿವಿ ಅವಕ್ಕ ಬಂಡಿ ಆಗೇತಿ ನೋಡ್ರಿ. ದಿನಾ ಹೊತ್ತಿಗೆ ಸರಿಯಾಗಿ ಹೊರಡೋ ಬಂಡಿ."

"ಮತ್ತ ಆ ಎದರಿನ ಮನಿ ಆಡು? ಆಕಿ ಕೈನೂ ತೊಳ್ಯಾಂಗಿಲ್ಲ."

"ಒಂದ ಆಡ ಐತಲ್ರಿ. ಅದಕ್ಕ ಎಲ್ಲಿಂದ ಹತ್ತಬೇಕು?"

ರೋಗವೂ ನಮ್ಮ ಮನೆಯ ಶಿಸ್ತನ್ನು ಕಲಿತು, ಹಿರಿಯರಿಂದ ಕಿರಿಯರಿಗೆ ಸಾಲಾಗಿ ಬಂದಿತ್ತು. ಡಾಕ್ಟರು ಮದ್ದು ಬರೆದುಕೊಟ್ಟರು. ಬಾವು ಬಂದ ಹಾಲನ್ನು ಪೂರ್ತಿ ಹಿಂಡಿ ಗುಂಡಿಗೆ ಸುರಿಯಬೇಕು. ಒಂದೊಂದಕ್ಕೂ ಬೇರೆ ಅರಿವೆ, ಬೇರೆ ನೀರು. ಚೆನ್ನಾಗಿರುವುದನ್ನು ಮೊದಲು ಹಿಂಡಬೇಕು, ಬಾವಿನದನ್ನು ಕೊನೆಗೆ. ಅಂದರೆ ಬೆಳ್ಳಿ ಈದ ಮೇಲೆ ಬೆಳ್ಳಿ ಮೊದಲು, ದೊಡ್ಡಾಕಿ ಕಟ್ಟಕಡೆಗೆ. ಹೊರಡುವಾಗ ಅಜ್ಜಿಯ ಕೈಗಳನ್ನು ತಿರುಗಿಸಿ ನೋಡಿದರು. ಚಳಿಗೆ ಬೆರಳುಗಳೆಲ್ಲ ಒಡೆದಿದ್ದವು. ಆ ಒಡಕುಗಳಲ್ಲೂ ಅವು ಕುಳಿತಿರುತ್ತವೆ, ಬೆರಳು ಮಾಯುವವರೆಗೆ ಬೆಳ್ಳಿಯನ್ನು ಮುಟ್ಟಬೇಡಿ ಎಂದರು. ಅಜ್ಜಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಆಸ್ಪತ್ರೆಯ ವಾರ್ಡುಗಳಲ್ಲಿ ಡ್ರೆಸ್ಸಿಂಗ್ ಟ್ರಾಲಿ ತಳ್ಳಿದೆ. ತರಬೇತಿಯ ಮೊದಲ ವಾರ, ಒಣಗಿದ ಗಾಯಕ್ಕೆ ಮೊದಲು, ಕೀವಿನ ಗಾಯಕ್ಕೆ ಕೊನೆಗೆ ಎಂದು ಹಿರಿಯ ಸಿಸ್ಟರ್ ಹೇಳಿದಾಗ ನಾನು ನಕ್ಕುಬಿಟ್ಟು, ತರಗತಿ ಮುಗಿಯುವವರೆಗೆ ನಿಂತೇ ಇರಬೇಕಾಯಿತು. ನಕ್ಕದ್ದು ಯಾಕೆಂದು ಹೇಳಬೇಕಾದರೆ ಖಾಕಿ ಚಡ್ಡಿ ಹಾಕಿದ ಆಡಿನಿಂದ ಶುರು ಮಾಡಬೇಕಿತ್ತು. ನಿಲ್ಲುವುದೇ ಸುಲಭವೆನಿಸಿತು.

ಅಜ್ಜಿ ಮದ್ದನ್ನು ಒಪ್ಪಿದಳು. ಬೇರೆ ಬೇರೆ ಅರಿವೆಗಳನ್ನು ಒಪ್ಪಿದಳು. ಮರುದಿನವೇ ಬೇಲಿಯ ಮೇಲೆ ಮೂರು ಅರಿವೆ ಮೂರು ಬಣ್ಣದ ಅಂಚಿನೊಂದಿಗೆ ಒಣಗುತ್ತಿದ್ದವು. ಸರದಿಯನ್ನು ಮಾತ್ರ ಒಪ್ಪಲಿಲ್ಲ. ಹಿರಿಯರನ್ನು ಬಿಟ್ಟು ಕಿರಿಯರನ್ನು ಮುಂದೆ ಮಾಡಿದರೆ ನಾಳೆ ಈ ಮನೆಯಲ್ಲಿ ಯಾರು ಯಾರ ಮಾತು ಕೇಳುತ್ತಾರೆ ಎಂದು ಅಪ್ಪನನ್ನು ಕೇಳಿದಳು. ಅಪ್ಪ ಬಗ್ಗಿ ಯಂತ್ರ ತುಳಿಯತೊಡಗಿದ. ಅವಳು ಎಂದಿನಂತೆ ದೊಡ್ಡಾಕಿಯಿಂದಲೇ ಶುರು ಮಾಡುತ್ತಿದ್ದಳು. ಮನೆಯವರೆಲ್ಲ ಕರಿ ಚಹಾ ಕುಡಿದು ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದೆವು. ಅದೂ ವಯಸ್ಸಿನ ಪ್ರಕಾರವೇ, ಅಜ್ಜಿಯದು ಮೊದಲು.

ಬೆಳ್ಳಿ ಒಂದು ಮಧ್ಯಾಹ್ನ ಎರಡು ಮರಿ ಈಯಿತು. ಎರಡೂ ಹೆಣ್ಣು, ಎರಡಕ್ಕೂ ಹಣೆಯಲ್ಲಿ ಬಿಳಿ ಮಚ್ಚೆ. ನಾನು ಶಾಲೆಯಿಂದ ಬಂದು ನೋಡಿದಾಗ ಒಂದು ಆಗಲೇ ನಿಂತು ಬೀಳುತ್ತಿತ್ತು. ಎರಡು ದಿನ ಗಿಣ್ಣದ ಹಾಲನ್ನು ಮರಿಗಳಿಗೇ ಬಿಟ್ಟೆವು. ಮೂರನೆಯ ಬೆಳಿಗ್ಗೆ ಕೆಚ್ಚಲು ಮರಿಗಳಿಗೆ ಮಿಕ್ಕಿ ಬಿಗಿದಿತ್ತು, ಹಿಂಡದೆ ಬಿಡುವಂತಿರಲಿಲ್ಲ. ಅಜ್ಜಿ ದೊಡ್ಡಾಕಿಯನ್ನು ಮುಗಿಸಿ, ಕೆಂಚಿ, ಚುಕ್ಕಿಯರನ್ನು ಮುಗಿಸಿ, ಹೊಸದೊಂದು ಅರಿವೆ ಹಿಡಿದು ಬೆಳ್ಳಿಯ ಕಡೆಗೆ ಬಂದಳು. ನಾನು ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತೆ. ಯೋಚಿಸಿ ಮಾಡಿದ್ದಲ್ಲ.

"ಬೆಳ್ಳೀನ ಮುಟ್ಟಬ್ಯಾಡ ಅಜ್ಜಿ."

ಆ ಮನೆಯಲ್ಲಿ ಅಜ್ಜಿಗೆ ಬೇಡವೆಂದು ಯಾರೂ ಹೇಳಿದ್ದಿಲ್ಲ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ಏಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ತೆರೆದಾಗ ಅಜ್ಜಿ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಅರಿವೆಯನ್ನು ನನ್ನ ಹೆಗಲ ಮೇಲೆ ಹಾಕಿ, ಒಳಗೆ ಹೋದಳು. ಮನೆಯಲ್ಲಿ ಹಿಂಡಲು ಬರುತ್ತಿದ್ದವಳು ಅಜ್ಜಿಯೊಬ್ಬಳೇ, ಹಾಗಾಗಿ ಆ ದಿನ ಬೆಳ್ಳಿಯನ್ನು ಹಿಂಡಲಿಲ್ಲ. ಅಪ್ಪ ಮರಿಗಳನ್ನು ಮತ್ತೆ ಮತ್ತೆ ಬಿಟ್ಟು ಕೆಚ್ಚಲು ಸಡಿಲ ಮಾಡಿಸಿದ. ನನ್ನನ್ನು ಯಾರೂ ಬೈಯಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಬಿಸಿಲಿನ ಬಿಲ್ಲೆ ಗೋಡೆ ಹತ್ತುವ ಹೊತ್ತಿಗೆ ಅಜ್ಜಿ ಕಿರುಬಾಗಿಲು ತೆಗೆದಳು. ನಾನು ಹಿಂದೆಯೇ ಹೋದೆ. ಎದುರು ಕಟ್ಟೆಯ ಮೇಲೆ ಮಾಬವ್ವ ಅಕ್ಕಿ ಆರಿಸುತ್ತಿದ್ದವಳು, ನಮ್ಮನ್ನು ಕಂಡದ್ದೇ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು.

"ಯಾರ್ ಬಂದೋರು? ನನಗ ಏನೂ ಕಾಣವಲ್ದು."

ಅಜ್ಜಿ ಕಟ್ಟೆ ಹತ್ತಲಿಲ್ಲ. ಬೀದಿಯಲ್ಲೇ ನಿಂತು, ಸೆರಗಿನೊಳಗಿನಿಂದ ಎರಡೂ ಕೈ ತೆಗೆದು ಮುಂದೆ ಚಾಚಿದಳು. ಹತ್ತು ಬೆರಳೂ ಒಡೆದು ಎರೆಭೂಮಿಯಂತಾಗಿದ್ದವು.

"ನನ್ನ ಕೈ ನೆಟ್ಟಗಿಲ್ಲ, ಮಾಬವ್ವ. ನಿನ್ನ ಕೈ ಬೇಕಾಗೈತಿ."

ಸೆರಗು ನಿಧಾನವಾಗಿ ಮೇಲೆ ಹೋಯಿತು. ಮಾಬವ್ವ ಆ ಕೈಗಳನ್ನು ನೋಡಿದಳು. ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋಗಿ ಹರಳೆಣ್ಣೆ ತಂದು, ಬೀದಿಗಿಳಿದು, ಒಂದೊಂದೇ ಬೆರಳಿಗೆ ತಿಕ್ಕತೊಡಗಿದಳು. ತಿಂಗಳ ಮಾತು ಬಾಕಿಯಿತ್ತು. ಇಬ್ಬರೂ ಅಲ್ಲೇ ನಿಂತು ಅದನ್ನು ಮುಗಿಸುವ ಹೊತ್ತಿಗೆ ಅವ್ವ ದೀಪ ಹಚ್ಚಿ ಕರೆಯಬೇಕಾಯಿತು.

ಮರುದಿನ ಬೆಳಕು ಹರಿಯುವ ಮೊದಲೇ ಮಾಬವ್ವ ಬಂದಳು. ಅಜ್ಜಿ ಬಾಗಿಲಲ್ಲೇ ಸಾಬೂನು ಹಿಡಿದು ನಿಂತಿದ್ದಳು. ಮೊಣಕೈವರೆಗೆ, ಎರಡು ಸಲ ತೊಳೆಸಿದಳು. ನನಗೂ ಅಷ್ಟೇ. ದೊಡ್ಡಾಕಿ ಎಂದಿನಂತೆ ಮೊದಲು ಎದ್ದು ತನ್ನ ಜಾಗದಲ್ಲಿ ಬಂದು ನಿಂತು ಕಾಯುತ್ತಿತ್ತು. ಅಜ್ಜಿ ಅದರ ಕಿವಿ ಹಿಡಿದು, ಮೆಲ್ಲಗೆ ಏನೋ ಹೇಳಿ, ಹಿಂದಕ್ಕೆ ಕರೆದೊಯ್ದು ಕಟ್ಟಿದಳು. ಬೆಳ್ಳಿಯ ಕೆಚ್ಚಲಿನ ಕೆಳಗೆ ಸುಟ್ಟು ಕರಿಯಾದ ಹಳೆಯ ಹೆಂಚೊಂದನ್ನು ಇಡಿಸಿದಳು, ಡಾಕ್ಟರ ಬೂಟಿನ ಬದಲಿಗೆ. ಆಮೇಲೆ ಹತ್ತು ಹೆಜ್ಜೆ ದೂರ ಸರಿದು, ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ನಿಂತಳು. ಜೀವಮಾನವೆಲ್ಲ ಹಿಂಡಿದ ಕೈಗಳು. ಹಾಗೆ ಹಿಡಿದಿಡದಿದ್ದರೆ ತಾವಾಗಿಯೇ ಬಂದುಬಿಡುತ್ತಿದ್ದವೋ ಏನೋ. ಅಪ್ಪ, ಅವ್ವ, ಅಣ್ಣ ಹಿತ್ತಲ ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು ನಿಂತಿದ್ದರು.

ಮಾಬವ್ವ ಕುಳಿತಳು. ನನ್ನನ್ನು ತನ್ನ ಮೊಣಕಾಲುಗಳ ನಡುವೆ ಕೂರಿಸಿಕೊಂಡು ಹೊಸ ಅರಿವೆಯಿಂದ ಒರೆಸಿಸಿದಳು. ಬೆಳ್ಳಿಯ ಹಿಂಗಾಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ನನ್ನ ಕೈಯ ಮೇಲಿಟ್ಟಳು. ಆಮೇಲೆ ತಿರುಗಿ ನೋಡದೆಯೇ, ತೀರ ವಿನಯದಿಂದ ಕೇಳಿದಳು:

"ಅವ್ವಾರ, ಕಣ್ಣ ತಕ್ಕೊಂಡು ಹಿಂಡಸ್ಲ್ಯೋ, ಮುಚ್ಚಿಗೊಂಡು ಹಿಂಡಸ್ಲ್ಯೋ?"

ಬಾಗಿಲಲ್ಲಿದ್ದ ಮೂವರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿಯ ಗಂಟಲಿನಲ್ಲಿ ಏನೋ ಸದ್ದಾಯಿತು. ಅದು ನಗುವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ತಕ್ಕೊಂಡ ಹಿಂಡಸು. ಚಲೋತ್ನಾಗಿ ನೋಡು. ಒಂದ ಚೂರು ಕಂಡ್ರೂ ನನಗ ಹೇಳು."

ಮಾಬವ್ವ ನನ್ನ ಕೈಯನ್ನು ಒತ್ತಿದಳು. ಬೆಚ್ಚಗಿನ ಮೊಲೆ ನನ್ನ ಮುಷ್ಟಿಯೊಳಗೆ ಜಾರಿ, ಮೊದಲು ಏನೂ ಬರದೆ, ಆಮೇಲೆ ತಟ್ಟನೆ ಧಾರೆ ಹೆಂಚಿಗೆ ಬಡಿಯಿತು. ಅವಳು ಮೂಗು ತಾಗುವಷ್ಟು ಬಗ್ಗಿದಳು. ಹೆಂಚನ್ನು ಈ ಕಡೆ ವಾಲಿಸಿದಳು, ಆ ಕಡೆ ವಾಲಿಸಿದಳು. ಹಾಲು ಕರಿಯ ಹೆಂಚಿನ ಮೇಲೆ ಒಂದೇ ಸಮನೆ ಹರಿಯಿತು. ನಾನೂ ನೋಡಿದೆ. ಸಾಸಿವೆಯಷ್ಟೂ ಏನೂ ಇರಲಿಲ್ಲ.

"ಏನೂ ಇಲ್ರೀ ಅವ್ವಾರ. ಬರೇ ಹಾಲು."

"ಹಂಗಾರ ಕುಂತ್ಗೊಂಡು ಏನ್ ಮಾಡ್ತೀರಿ ಇಬ್ರೂ? ಹಿಂಡ್ರಿ."